ದಿವ್ಯಾಂಗರಿಗೆ ದಿವ್ಯ ನಿರ್ಲಕ್ಷ್ಯ

ಡಿಸೆಂಬರ್ 3 ಹತ್ತಿರ ಬಂತು ಅಂದ್ರೆ ನನಗೆ ಆಮಂತ್ರಣ ಪತ್ರಿಕೆ ಓದೋ ಚಟ. ಈ ಸಲ ಕೈಗೆ ಸಿಕ್ಕಿದ್ದಂತೂ ಅಪರೂಪದ ಮಾಲು. ತಲೆಬರಹ ‘ವಿಶ್ವ ಅಂಗವಿಕಲರ ದಿನಾಚರಣೆ’. ಅದರ ಕೆಳಗೆ ‘ವಿಕಲಚೇತನರಿಗೆ ಸಾಧನ ಸಲಕರಣೆ ವಿತರಣೆ’. ಊಟ ಆದಮೇಲೆ ‘ವಿಶೇಷಚೇತನ ಸಾಧಕರಿಗೆ ಸನ್ಮಾನ’. ಕೊನೇ ಸಾಲಿನಲ್ಲಿ ‘ದಿವ್ಯಾಂಗ ಬಂಧುಗಳು ಹೆಚ್ಚಿನ ಸಂಖ್ಯೆಯಲ್ಲಿ ಭಾಗವಹಿಸಿ’. ಬೆಳಿಗ್ಗೆ ಅಂಗವಿಕಲನಾಗಿ ಬಂದವನು ತಿಂಡಿ ಹೊತ್ತಿಗೆ ವಿಕಲಚೇತನನಾಗಿ, ಊಟ ಮುಗಿಸಿ ವಿಶೇಷಚೇತನನಾಗಿ, ಸಂಜೆ ದಿವ್ಯಾಂಗನಾಗಿ ಮನೆಗೆ ಹೋಗಬಹುದು. ಒಂದೇ ದಿನದಲ್ಲಿ ಇಷ್ಟು ಏಳಿಗೆ ಸರ್ಕಾರದ ಬೇರೆ ಯಾವ ಕಾರ್ಯಕ್ರಮದಲ್ಲೂ ನಾನು ಕಂಡಿಲ್ಲ. ಸ್ಥಳ ಎಲ್ಲಿ ಅಂತ ನೋಡಿದೆ. ಮೊದಲ ಮಹಡಿಯ ಸಭಾಂಗಣ. ಲಿಫ್ಟ್ ಬಗ್ಗೆ ಪತ್ರಿಕೆಯಲ್ಲಿ ಏನೂ ಇರಲಿಲ್ಲ, ಕಟ್ಟಡದಲ್ಲೂ ಇಲ್ಲ.

ಹೆಸರು ಬದಲಿಸೋದು ತಪ್ಪು ಅಂತ ನಾನು ಹೇಳ್ತಿಲ್ಲ. ಕುಂಟ, ಕುರುಡ, ಹೆಳವ, ಮೂಗ ಅಂತ ಬೀದಿಯಲ್ಲಿ ಕೂಗಿ ಕರೀತಿದ್ದ ಊರುಗಳಲ್ಲೇ ನಾವೆಲ್ಲ ಬೆಳೆದದ್ದು. ಶಾಲೆಯಲ್ಲಿ ಮೇಷ್ಟ್ರೇ ಹಾಗೆ ಕರೀತಿದ್ದರು. ಹುಡುಗನ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇರ್ತಿತ್ತು. ಅದು ಹೋಗಿದ್ದು ಒಳ್ಳೇದೇ ಆಯ್ತು. ನನ್ನ ತಕರಾರು ಅದರ ನಂತರದ ಪ್ರಯಾಣದ ಬಗ್ಗೆ. ಅಂಗವಿಕಲ ಅನ್ನುವಾಗ ಕೊರತೆ ಕಾಲಲ್ಲೋ ಕಣ್ಣಲ್ಲೋ ಇತ್ತು. ಇದು ಒರಟಾಯ್ತು, ಸ್ವಲ್ಪ ನಯವಾಗಿರಲಿ ಅಂತ ಯಾರೋ ಪುಣ್ಯಾತ್ಮರು ವಿಕಲಚೇತನ ಅಂದರು. ಅಲ್ಲ ಸ್ವಾಮಿ, ಪೋಲಿಯೋ ಬಂದಿದ್ದು ಕಾಲಿಗೆ, ನೀವು ಚೇತನವನ್ನೇ ವಿಕಲ ಮಾಡಿಬಿಟ್ರಲ್ಲ! ಅಷ್ಟು ಮರ್ಯಾದೆಯಿಂದ ಮಾಡಿದ ಅವಮಾನ ಇನ್ನೊಂದಿಲ್ಲ. ನಮ್ಮ ರಾಜ್ಯದ ಇಲಾಖೆ ಈಗಲೂ ಇದೇ ಹೆಸರಿನ ಬೋರ್ಡ್ ಹಾಕ್ಕೊಂಡು, ಜೊತೆಗೆ ಹಿರಿಯ ನಾಗರಿಕರನ್ನೂ ಕೂರಿಸ್ಕೊಂಡು ಸಬಲೀಕರಣ ಮಾಡ್ತಿದೆ.

ಆಮೇಲೆ 2015ರ ಡಿಸೆಂಬರ್ 27ಕ್ಕೆ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರು ದಿವ್ಯಾಂಗ ಅಂದರು. ಬೇಡ ಅಂತ ಅಂಗವಿಕಲರ ಸಂಘಟನೆಗಳೇ ಪತ್ರ ಬರೆದವು. ನಾವು ದೇವರೂ ಅಲ್ಲ, ದೇವರ ಪ್ರಸಾದವೂ ಅಲ್ಲ, ನಾಗರಿಕರು ಅಂದವು. ಮರುವರ್ಷ ಕೇಂದ್ರದ ಇಲಾಖೆಯ ಹಿಂದಿ ಹೆಸರೇ ಬದಲಾಯ್ತು. ದೇವರ ಹೆಸರು ಅಂಟಿಸಿ ಕೈತೊಳೆದುಕೊಳ್ಳೋದು ನಮಗೇನು ಹೊಸದಾ? ಹರಿಜನ ಅಂದಾಗಲೂ ಊರ ಬಾವಿಯ ಹಗ್ಗ ಅವರ ಕೈಗೆ ಸಿಗಲಿಲ್ಲ.

ಆದರೆ ಕನ್ನಡಿಗರಾಗಿ ನಾವು ಈ ಪದವನ್ನು ಮೆಚ್ಚಲೇಬೇಕು. ನಮ್ಮ ಪತ್ರಿಕೆಗಳಲ್ಲಿ ದಿವ್ಯ ಅನ್ನೋದು ದೇವಸ್ಥಾನದ ಸುದ್ದಿ ಬಿಟ್ಟರೆ ಎರಡೇ ಕಡೆ ಬರೋದು. ಒಂದು ಅಧಿಕಾರಿಗಳ ದಿವ್ಯ ನಿರ್ಲಕ್ಷ್ಯ, ಇನ್ನೊಂದು ಸಚಿವರ ದಿವ್ಯ ಮೌನ. ಈಗ ಮೂರನೆಯದು ಸೇರಿಕೊಂಡಿದೆ. ಮೂರೂ ಒಂದೇ ಕಚೇರಿಯಲ್ಲಿ ಸಿಗುತ್ತವೆ.

ಹಾಗಂತ ದಿವ್ಯತೆ ಎಲ್ಲರಿಗೂ ಸುಮ್ನೆ ಸಿಗಲ್ಲ. ಅದಕ್ಕೆ ಅಳತೆ ಇದೆ. ವೈಕಲ್ಯ ಶೇ 40 ಇದ್ದರೆ ಸವಲತ್ತು, 39 ಇದ್ದರೆ ನೀವು ನಮ್ಮ ನಿಮ್ಮಂಥ ಮಾಮೂಲಿ ಮನುಷ್ಯ, ಕುಂಟಿಕೊಂಡು ಮನೆಗೆ ಹೋಗಿ. ಅಳೆಯೋಕೆ ಜಿಲ್ಲಾಸ್ಪತ್ರೆಗೆ ಹೋಗಬೇಕು, ನಿಗದಿಯಾದ ವಾರದಲ್ಲಿ, ಸಂಬಂಧಪಟ್ಟ ಡಾಕ್ಟರು ರಜೆ ಇಲ್ಲದಿದ್ದರೆ. ಅಲ್ಲಿ ಕೌಂಟರಿನಲ್ಲಿ ಕೂತ ಮಹಾಶಯರಿಗೆ ಈ ನಾಲ್ಕು ಹೆಸರುಗಳ ಯಾವ ಗೊಡವೆಯೂ ಇಲ್ಲ. ‘ಹ್ಯಾಂಡಿಕ್ಯಾಪ್ ಸರ್ಟಿಫಿಕೇಟಾ? ಆ ಕಡೆ ಲೈನು’ ಅಂತಾರೆ. ನಿಜ ಹೇಳಬೇಕಂದ್ರೆ ಅವರ ಮಾತೇ ನನಗೆ ಹಿತ. ಕಡೇಪಕ್ಷ ಲೈನು ಯಾವ ಕಡೆ ಅಂತ ಗೊತ್ತಾಗುತ್ತೆ.

ಇನ್ನು ತೆರಿಗೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಗಾಲಿಕುರ್ಚಿಗೆ ಶೇ 5 ಹಾಕಿದರು. ಅಂಗ ದಿವ್ಯ, ಅದು ಓಡಾಡೋಕೆ ಬೇಕಾದ ಚಕ್ರ ಮಾತ್ರ ಸರಕು.

ಪದಗಳ ವಿಷಯಕ್ಕೆ ಬಂದರೆ ಬೆಂಗಳೂರಿನವರಿಗೆ ಯಾರೂ ಪಾಠ ಹೇಳಬೇಕಿಲ್ಲ, ಕಣ್ಣೆದುರೇ ನಮ್ಮ ಮಾನಸಿಕ ಆಸ್ಪತ್ರೆಯ ಉದಾಹರಣೆ ಇದೆ. ಮೊದಲು ಅದು ‘ಲುನಾಟಿಕ್ ಅಸೈಲಮ್’ ಆಗಿತ್ತು, ಅಂದ್ರೆ ಹುಚ್ಚಾಸ್ಪತ್ರೆ. 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಅಂತ ಮರ್ಯಾದೆಯ ಹೆಸರು ಬಂತು. ಆ ಮೆಂಟಲ್ ಏನಾಯ್ತು ಅಂತ ನಿಮಗೆ ಗೊತ್ತು, ಟ್ರಾಫಿಕ್ಕಲ್ಲಿ ದಿನಾ ಬೈಯ್ಯೋಕೆ ಬಳಸ್ತೀವಿ. 1974ರಲ್ಲಿ ನಿಮ್ಹಾನ್ಸ್ ಆಯ್ತು. ಉದ್ದದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು, ಅದರಲ್ಲಿ ಬೈಯ್ಯೋಕೆ ಏನೂ ಇಲ್ಲ ಅಂತ ದೊಡ್ಡವರು ನಿಶ್ಚಿಂತೆಯಿಂದ ಇದ್ದಿರಬೇಕು. ನಾವು ಬಿಡ್ತೀವಾ? ‘ಇವನು ನಿಮ್ಹಾನ್ಸ್ ಕೇಸು’ ಅಂದುಬಿಟ್ಟೆವು. ದೇಶದಲ್ಲೇ ಹೆಸರಾದ ಆಸ್ಪತ್ರೆ, ಬೆಳಗಿನ ಜಾವಕ್ಕೇ ಹೊರರಾಜ್ಯದವರೆಲ್ಲ ಬಂದು ಸಾಲು ನಿಲ್ಲುವ ಜಾಗ, ನಮ್ಮ ಬಾಯಲ್ಲಿ ಬೈಗುಳ. ಈಗ ಸ್ಕೂಲ್ ಮಕ್ಕಳು ‘ನೀನು ಸ್ಪೆಷಲ್ ಚೈಲ್ಡಾ?’ ಅಂತ ಛೇಡಿಸ್ತಾವಂತೆ. ಸ್ಪೆಷಲ್ ಕೂಡ ಮುಗೀತು ಅಂತ ಲೆಕ್ಕ. ದಿವ್ಯಾಂಗದ ಸರದಿ ದೂರ ಇಲ್ಲ.

ಪದಕ್ಕೆ ಅಷ್ಟು ಕಾಳಜಿ ಇದ್ದರೆ ವಿಧಾನಸಭೆಯಿಂದಲೇ ಶುರುಮಾಡಿ. ಅಲ್ಲಿ ಕುಂಟುನೆಪ ಇಲ್ಲದೆ ಕಲಾಪ ನಡೆಯೋದೇ ಇಲ್ಲ. ಯೋಜನೆಗಳೆಲ್ಲ ಕುಂಟುತ್ತಾ ಸಾಗುತ್ತವೆ, ಸರ್ಕಾರಕ್ಕೆ ಜಾಣಕುರುಡು, ಅಧಿಕಾರಿಗಳಿಗೆ ಜಾಣಕಿವುಡು. ಇನ್ನು ಮುಂದೆ ವಿರೋಧ ಪಕ್ಷದ ನಾಯಕರು ‘ಮಾನ್ಯ ಸಭಾಧ್ಯಕ್ಷರೇ, ಸಚಿವರು ದಿವ್ಯಾಂಗ ನೆಪ ಹೇಳುತ್ತಿದ್ದಾರೆ’ ಅನ್ನಲಿ ನೋಡೋಣ.

ಬೋರ್ಡಿಗೆ ಬಣ್ಣ ಬಳಿಯೋ ಕೆಲಸ ಸಲೀಸು, ಅದಕ್ಕೆ ದುಡ್ಡು ಜಾಸ್ತಿ ಬೇಡ. ರ‍್ಯಾಂಪ್ ಕಟ್ಟೋಕೆ ಲೆಕ್ಕ ಗೊತ್ತಿರಬೇಕು. ಒಂದಡಿ ಮೇಲೇರಬೇಕಾದ್ರೆ ಹನ್ನೆರಡಡಿ ಉದ್ದ ಇಳಿಜಾರು ಬೇಕು. ನಮ್ಮ ಗುತ್ತಿಗೆದಾರರು ಮೂರಡಿಯಲ್ಲೇ ಮುಗಿಸ್ತಾರೆ. ಪಾರ್ಕಿನ ಜಾರುಬಂಡೆ ಥರ ನಿಂತಿರುತ್ತೆ, ಮೇಲಿಂದ ಕೆಳಗೆ ಬರೋಕೆ ಮಾತ್ರ ಆಗುತ್ತೆ, ಅದೂ ಒಂದೇ ಸಲ. ಅದರ ಬುಡದಲ್ಲಿ ಸಿಬ್ಬಂದಿಯ ಸ್ಕೂಟರುಗಳು. ಫುಟ್‌ಪಾತಿನಲ್ಲಿ ದೃಷ್ಟಿ ಇಲ್ಲದವರಿಗಂತ ಗುಬುಟು ಗುಬುಟಾದ ಹಳದಿ ಟೈಲ್ಸ್ ಹಾಕಿದ್ದಾರೆ, ಅದನ್ನೇ ನಂಬಿ ನಡೆದರೆ ಸೀದಾ ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ಹೋಗಿ ಮುಟ್ಟಬಹುದು. ಬಸ್ಸಿನ ರಿಯಾಯಿತಿ ಪಾಸು ನೂರು ಕಿಲೋಮೀಟರ್ ತನಕ ನಡೆಯುತ್ತೆ, ತೊಂದರೆ ಇರೋದು ಮೊದಲ ಮೆಟ್ಟಿಲಿನ ಒಂದೂವರೆ ಅಡಿಯಲ್ಲಿ.

ಕಾನೂನು ಇಲ್ಲವಾ ಅಂದ್ರೆ, ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಒಳ್ಳೆಯ ಕಾಯ್ದೆ. ಮೊದಲು 7 ಬಗೆಯ ವೈಕಲ್ಯಗಳಿದ್ದ ಪಟ್ಟಿ 21ಕ್ಕೆ ಬೆಳೆಯಿತು, ನೌಕರಿ ಮೀಸಲಾತಿ ಶೇ 3 ಇದ್ದದ್ದು 4 ಆಯ್ತು. ಕಟ್ಟಡ, ಬಸ್ಸು, ವೆಬ್‌ಸೈಟು ಎಲ್ಲವೂ ಎಲ್ಲರ ಕೈಗೆಟುಕಬೇಕು ಅಂತಲೂ ಅದರಲ್ಲಿದೆ. ಆದರೆ ಅದರ ಕೆಳಗೆ ಮಾಡಿದ ನಿಯಮಗಳು ಹೇಗಿದ್ದವು ಅಂದ್ರೆ, ಬಹುಪಾಲು ಬರೀ ಸಲಹೆ. ಮಾಡಿದರೆ ಸಂತೋಷ, ಮಾಡದಿದ್ದರೂ ಬೇಜಾರಿಲ್ಲ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ನಿಯಮ ಕಾಯ್ದೆಗೇ ವಿರುದ್ಧ ಅಂದು, ಕಡ್ಡಾಯದ ನಿಯಮ ಮಾಡಿ ಅಂತ ಮೂರು ತಿಂಗಳ ಗಡುವು ಕೊಟ್ಟಿತು. ಯೋಚನೆ ಮಾಡಿ. ಒಂದು ಬಾಗಿಲಿನ ಮುಂದೆ ಇಳಿಜಾರು ಇರಲೇಬೇಕು ಅಂತ ಹೇಳಿಸೋಕೆ ದೇಶದ ಅತಿ ದೊಡ್ಡ ಕೋರ್ಟಿನವರೆಗೆ ಹೋಗಬೇಕಾಯ್ತು. ಹೆಸರು ಬದಲಿಸೋಕೆ ಯಾರೂ ಯಾವ ಕೋರ್ಟಿಗೂ ಹೋಗಿರಲಿಲ್ಲ, ರೇಡಿಯೋದಲ್ಲಿ ಒಂದು ಮಾತು ಸಾಕಾಯ್ತು.

ತಮಾಷೆ ಸಾಕು. ಶೇ 80ರಷ್ಟೋ ಅದಕ್ಕಿಂತ ಹೆಚ್ಚೋ ವೈಕಲ್ಯ ಇರುವ ಬಡವರಿಗೆ ಕೇಂದ್ರ ಕೊಡುವ ಪಿಂಚಣಿ ತಿಂಗಳಿಗೆ 300 ರೂಪಾಯಿ. 2012ರಿಂದ ಅಷ್ಟೇ. ರಾಜ್ಯ ತನ್ನ ಪಾಲು ಸೇರಿಸುತ್ತೆ, ಸೇರಿಸಿದರೂ ತಿಂಗಳ ಔಷಧಿಗೆ ಸಾಲಲ್ಲ. ಅದೂ ಎರಡು ತಿಂಗಳು ಬಾರದಿದ್ದರೆ ಕೇಳೋಕೆ ನಾಡಕಚೇರಿಗೆ ಹೋಗಬೇಕು, ತಾಯಿಯೋ ಅಣ್ಣನೋ ಒಂದು ದಿನದ ಕೂಲಿ ಬಿಟ್ಟು ಹೊತ್ತುಕೊಂಡು ಹೋಗಬೇಕು. ಅಲ್ಲಿ ಬೆರಳಚ್ಚು ತಗೊಳ್ಳಲ್ಲ ಅಂತ ಮೆಷಿನ್ನು ಹೇಳುತ್ತೆ. ಕೈಯೇ ಸರಿಯಿಲ್ಲದವನ ಬೆರಳಚ್ಚು ಕೇಳೋ ವ್ಯವಸ್ಥೆಗೆ ಅವನನ್ನು ದೇವರು ಅನ್ನೋಕೆ ನಾಚಿಕೆಯಾದರೂ ಆಗಬೇಕಲ್ವಾ?

ನ್ಯಾಯವಾಗಿ ಒಂದು ದಿನದ ಬಗ್ಗೆ ಮಾತ್ರ ದೂರುವ ಹಾಗಿಲ್ಲ. ಮತದಾನದ ದಿನ ಅದೇ ಶಾಲೆ, ಅದೇ ಮೆಟ್ಟಿಲು, ಆದರೆ ರಾತ್ರೋರಾತ್ರಿ ಹಲಗೆಯ ರ‍್ಯಾಂಪ್ ಎದ್ದಿರುತ್ತೆ. ಗಾಲಿಕುರ್ಚಿ ಬಂದಿರುತ್ತೆ, ತಳ್ಳೋಕೆ ಹುಡುಗರು ನಿಂತಿರ್ತಾರೆ, ಫೋಟೊದವರೂ ಇರ್ತಾರೆ. ಆ ಶಾಲೆಗೆ ಸೇರಬೇಕಿದ್ದ ಮಗು ವರ್ಷವೆಲ್ಲ ಮೆಟ್ಟಿಲ ಕೆಳಗೇ ಉಳಿದಿತ್ತು, ಅದಕ್ಕೆ ವೋಟು ಇಲ್ಲವಲ್ಲ. ಎಣಿಕೆ ಶುರುವಾಗೋ ಹೊತ್ತಿಗೆ ಹಲಗೆಗಳು ಶಾಮಿಯಾನದವನ ಗೋಡೌನು ಸೇರಿರುತ್ತವೆ, ಬಾಡಿಗೆ ಲೆಕ್ಕ ದಿನಕ್ಕೆ ಇಷ್ಟು ಅಂತ ತಾನೇ?