ವೇದಿಕೆಯಿಲ್ಲದ ಸೋಮವಾರ

ಲಂಡನ್ನಿಗೆ ಬಂದ ಹೊಸತರಲ್ಲಿ ತತ್ತ್ವಶಾಸ್ತ್ರದ ಚರ್ಚೆ ನಡೆಸುವ ಅರಿಸ್ಟಾಟಲಿಯನ್ ಸೊಸೈಟಿಯ ಸೋಮವಾರದ ಸಭೆಗೆ ಹೋದವನು ಮೊದಲು ಹುಡುಕಿದ್ದು ವೇದಿಕೆಯನ್ನು. ಹಾರವಿಲ್ಲ, ಶಾಲಿಲ್ಲ, ದೀಪ ಬೆಳಗಿಸುವವರಿಲ್ಲ. ಪ್ರಬಂಧ ಎಲ್ಲರಿಗೂ ಮೊದಲೇ ಸಿಕ್ಕಿತ್ತು. ಮಂಡಿಸಿದವರು ಮಾತು ಮುಗಿಸಿದ್ದೇ ತಡ, ನಾಲ್ಕು ಕೈ ಮೇಲೆದ್ದವು. ಊರಕಡೆಯ ವಿಚಾರ ಸಂಕಿರಣವೊಂದರಲ್ಲಿ ನಾನು ಪ್ರಶ್ನೆ ಕೇಳಲು ಎದ್ದಾಗ 'ಊಟಕ್ಕೆ ಹೊತ್ತಾಯ್ತು' ಎಂದು ಮೈಕ್ ಆರಿಸಿದ್ದು ನೆನಪಾಗಿ ನಗು ಬಂತು.

1880ರಲ್ಲಿ ಹುಟ್ಟಿದ ಈ ಸೊಸೈಟಿಗೆ ಅರಿಸ್ಟಾಟಲ್ ಬರೀ ಹೆಸರಿಗೆ. ಯಾವ ಪಂಥದ ಬಾವುಟವನ್ನೂ ಹಿಡಿಯಲಿಲ್ಲ. ಆದರೂ ಮಾತು, ತರ್ಕಗಳನ್ನು ಬಿಡಿಸಿ ನೋಡುವ ಇಂಗ್ಲೆಂಡಿನ ವಿಶ್ಲೇಷಣಾತ್ಮಕ ತತ್ತ್ವಶಾಸ್ತ್ರ ಬೆಳೆದದ್ದರಲ್ಲಿ ಇದರ ಪಾಲು ದೊಡ್ಡದು. ಆ ಪಂಥದ ಹಿರಿಯರಾದ ಬರ್ಟ್ರಂಡ್ ರಸೆಲ್, ಜಿ. ಇ. ಮೂರ್ ಇಬ್ಬರೂ ಇಲ್ಲಿ ಪ್ರಬಂಧ ಓದಿದರು, ಅಧ್ಯಕ್ಷರೂ ಆದರು. 1950ರಲ್ಲಿ 'ಸತ್ಯ' ಎಂದರೇನು ಎಂಬ ಬಗ್ಗೆ ಆಕ್ಸ್‌ಫರ್ಡಿನ ತತ್ತ್ವಜ್ಞರಾದ ಆಸ್ಟಿನ್ ಮತ್ತು ಸ್ಟ್ರಾಸನ್ ಕಾದಾಡಿದಾಗ ಇಬ್ಬರ ಪ್ರಬಂಧಗಳೂ ಸೊಸೈಟಿಯ ಒಂದೇ ಸಂಪುಟದಲ್ಲಿ ಅಚ್ಚಾದವು. ವಾದ ಕೋಣೆಯಲ್ಲೇ ಆರಿಹೋಗಲಿಲ್ಲ. ಇಂದಿಗೂ ವಿದ್ಯಾರ್ಥಿಗಳು ಅದನ್ನು ಓದುತ್ತಾರೆ.

1920ರ ದಶಕದಲ್ಲಿ ವಿಯೆನ್ನಾದಲ್ಲಿ ಸೇರುತ್ತಿದ್ದ ತತ್ತ್ವಜ್ಞರ, ವಿಜ್ಞಾನಿಗಳ ಗುಂಪು 'ವಿಯೆನ್ನಾ ವೃತ್ತ'. ಅವರ ರೀತಿಯೇ ಬೇರೆ. ಗುರುವಾರ ಸಂಜೆ, ಗುಂಪಿನ ಮುಂದಾಳು ಪ್ರೊಫೆಸರ್ ಷ್ಲಿಕ್ ಕರೆದವರಿಗಷ್ಟೇ ಪ್ರವೇಶ. ತತ್ತ್ವಜ್ಞ ವಿಟ್ಗೆನ್‌ಸ್ಟೈನನ 'ಟ್ರಾಕ್ಟೇಟಸ್' ಪುಸ್ತಕವನ್ನು ವಾಕ್ಯ ವಾಕ್ಯವಾಗಿ ಹಿಡಿದು ಜಗ್ಗುತ್ತಿದ್ದರು. ಅನುಭವದಿಂದ ಪರೀಕ್ಷಿಸಲಾಗದ ಮಾತನ್ನು ಅವರು ಮೆಟಫಿಸಿಕ್ಸ್ ಎಂದು ತಳ್ಳಿಹಾಕುತ್ತಿದ್ದರು. ಗುಂಪಿನ ನಾಯ್ರಾಟ್ ಅಂತೂ ಓದಿನ ನಡುವೆ ಮಾತುಮಾತಿಗೂ 'ಮೆಟಫಿಸಿಕ್ಸ್!' ಎಂದು ಕೂಗುತ್ತಿದ್ದನಂತೆ. ಸಾಕಾಗಿ, ಇನ್ನು ಮೇಲೆ ಬರೀ 'ಎಂ' ಎಂದರೆ ಸಾಕು ಎಂದು ಯಾರೋ ಹೇಳಿದರೆ, 'ಮೆಟಫಿಸಿಕ್ಸ್ ಅಲ್ಲದ್ದು ಬಂದಾಗ ಹೇಳುತ್ತೇನೆ, ಅದೇ ಸುಲಭ' ಅಂದನಂತೆ. ಹೀಗೆ ಬಾಗಿಲು ಹಾಕಿಕೊಂಡು ಕೂತವರು 1929ರಲ್ಲಿ ಪ್ರಣಾಳಿಕೆಯನ್ನೇ ಹೊರಡಿಸಿದರು. ಚಳವಳಿ ಬೇಗ ಕಟ್ಟಬೇಕಾದರೆ ಇದೇ ದಾರಿ ಇರಬಹುದು, ನನಗೆ ಅಷ್ಟು ಹಿಡಿಸದಿದ್ದರೂ. 1936ರಲ್ಲಿ ಷ್ಲಿಕ್ ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆಯೇ ಗುಂಡಿಗೆ ಬಲಿಯಾದ. ಉಳಿದವರಲ್ಲಿ ಎಷ್ಟೋ ಮಂದಿ ದೇಶ ಬಿಟ್ಟರು.

ಎದುರಾಳಿಯ ಮಾತನ್ನು ಮೊದಲು ಸರಿಯಾಗಿ ಹೇಳಿ ಆಮೇಲೆ ಖಂಡಿಸುವುದು ನಮಗೇನು ಹೊಸದಲ್ಲ. ಶೃಂಗೇರಿಯಲ್ಲಿ ಪ್ರತಿವರ್ಷ ಗಣೇಶ ಚತುರ್ಥಿಯಿಂದ ನಡೆಯುವ ವಾಕ್ಯಾರ್ಥ ಸಭೆಯಲ್ಲಿ, ಅಂದರೆ ವಿದ್ವಾಂಸರ ಶಾಸ್ತ್ರಚರ್ಚೆಯಲ್ಲಿ, ಪೂರ್ವಪಕ್ಷವಿಲ್ಲದೆ (ಎದುರಾಳಿಯ ವಾದವಿಲ್ಲದೆ) ಸಿದ್ಧಾಂತವಿಲ್ಲ. ಆದರೆ ಅಲ್ಲಿನ ಮಾತೆಲ್ಲ ಸಂಸ್ಕೃತದಲ್ಲಿ. ಕನ್ನಡದ ಅಚ್ಚಿಗೆ ಇಳಿಯುವುದು ಅಪರೂಪ. ಇತ್ತ ಕನ್ನಡದ ಸಂಕಿರಣಗಳು ಶಾಲು ಉಳಿಸಿಕೊಂಡು ಪೂರ್ವಪಕ್ಷವನ್ನು ಮಠದಲ್ಲೇ ಬಿಟ್ಟುಬಂದಿವೆ.

ಹೋದ ಸಲ ಊರಿಗೆ ಹೋದಾಗ ಸಂಕಿರಣ ನಡೆಸುವ ಗೆಳೆಯನಿಗೆ ಹೇಳಿದೆ: 'ಪ್ರಬಂಧವನ್ನು ವಾರದ ಮೊದಲೇ ಎಲ್ಲರಿಗೂ ಕಳಿಸಿಬಿಡು ಮಾರಾಯಾ.'

'ಕಳಿಸಬಹುದು,' ಅಂದ. 'ಬರೆಯುವವರು ಹಿಂದಿನ ರಾತ್ರಿ ಕೂರುತ್ತಾರಲ್ಲ!'