ಪದ್ಮಿನಿಯ ಉಬ್ಬಸ

ಓಡುವಾಗ ಸರಿಯಾಗಿಯೇ ಇರುವ ಕಾರು ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ಚಳಿಜ್ವರ ಬಂದಂತೆ ನಡುಗತೊಡಗಿದರೆ, ಒಳಗೆ ಕುಳಿತವರಿಗಿಂತ ಹೊರಗೆ ನಿಂತವರಿಗೇ ಚಿಂತೆ ಹೆಚ್ಚು. ಮಾಟುಂಗಾದ ಕಿಂಗ್ಸ್ ಸರ್ಕಲ್ಲಿನಲ್ಲಿ ನನ್ನ 1979ರ ಪ್ರೀಮಿಯರ್ ಪದ್ಮಿನಿ ಹಾಗೆ ನಡುಗಿ, ಎರಡು ಸಲ ಕೆಮ್ಮಿ ಆರಿಹೋದಾಗ, ಪಕ್ಕದ ಟ್ಯಾಕ್ಸಿಯ ಚಾಲಕ ಕಿಟಕಿಯಿಂದ ತಲೆ ಹೊರಹಾಕಿ, "ಅಂಕಲ್, ಮಿಸ್ಸಿಂಗ್ ಮಾರ್ ರಹಾ ಹೈ" ಎಂದು, ಎಂಜಿನ್ನಿನ ಸಿಡಿತ ನಡುನಡುವೆ ತಪ್ಪುವ ಆ ರೋಗದ ಹೆಸರನ್ನು ಉಚಿತವಾಗಿ ತಿಳಿಸಿ ಹೋದ.

ಈ ಕಾರು ನಮ್ಮ ತಂದೆಯವರದು. ಹಣ ಕಟ್ಟಿ ವರ್ಷಗಟ್ಟಲೆ ಕಾದು ಕಾರು ಪಡೆಯುತ್ತಿದ್ದ ಕಾಲವದು. ಕುರ್ಲಾದ ಕಾರ್ಖಾನೆಯಲ್ಲಿ ಹುಟ್ಟಿದ್ದನ್ನು ನಾನು ಕುರ್ಲಾದ್ದೇ ಒಂದು ಗ್ಯಾರೇಜಿಗೆ ಕಳಿಸಿ, ತವರಿನಲ್ಲಿ ಬಾಣಂತನ ಮಾಡಿಸಿದಂತೆ ಎರಡು ವರ್ಷ ಆರೈಕೆ ಮಾಡಿಸಿದ್ದೆ. 2023ರ ಅಕ್ಟೋಬರ್ ಕೊನೆಯಲ್ಲಿ ಮುಂಬೈಯ ಕಡೆಯ ಪದ್ಮಿನಿ ಟ್ಯಾಕ್ಸಿಯೂ ನಿವೃತ್ತಿಯಾದ ಮೇಲೆ, ಸ್ಟೀರಿಂಗಿನ ಪಕ್ಕದಲ್ಲಿ ಗೇರು ಹಾಕುವ ನನ್ನನ್ನು ಕಂಡವರೆಲ್ಲ ಕೈಬೀಸುತ್ತಾರೆ. ಸರ್ಕಾರದ 2021ರ ನಿಯಮದಂತೆ ವಿಂಟೇಜ್ ಎನಿಸಿಕೊಳ್ಳಲು 50 ವರ್ಷ ದಾಟಿರಬೇಕಾದ್ದರಿಂದ ನನ್ನದು ಇನ್ನೂ ಬರೀ ಹಳೆಯ ಕಾರು. ಈ ವ್ಯತ್ಯಾಸವನ್ನು ನನ್ನ ಹೆಂಡತಿ ನೆಂಟರೆದುರು ತಪ್ಪದೆ ವಿವರಿಸುತ್ತಾಳೆ.

ಅದೇ ವಾರ ಮನೆಯಲ್ಲಿ ಇನ್ನೊಂದು ಮಿಸ್ಸಿಂಗ್ ನಡೆದಿತ್ತು. ತುಳಸಿ ಹಬ್ಬ ಕಳೆದ ಮೇಲೆ ದಾದರಿನಲ್ಲಿ ಅವಳ ಅಣ್ಣನ ಮಗಳ ಮದುವೆ. ಭಾನುವಾರವೆಂಬುದು ನೆನಪಿದೆ, ಸಭಾಗೃಹವೂ ಗೊತ್ತು, ಮುಹೂರ್ತದ ಹೊತ್ತು ಮಾತ್ರ ಇಬ್ಬರಿಗೂ ಮರೆತಿದೆ. ಲಗ್ನಪತ್ರಿಕೆ ಎಲ್ಲಿಯೂ ಇಲ್ಲ. ಫೋನು ಮಾಡಿ ಕೇಳಬಾರದೇ ಎಂದು ಸಲಹೆ ಕೊಟ್ಟೆ. "ಮನೆಗೆ ಬಂದು ಅರಿಶಿನ ಕುಂಕುಮ ಕೊಟ್ಟು ಕರೆದಿದ್ದಾನೆ. ಮುಹೂರ್ತ ಎಷ್ಟು ಹೊತ್ತಿಗೆಂದು ಈಗ ನಾನು ಕೇಳುವುದೇ? ನಾನು ಹುಡುಗಿಯ ಸೋದರತ್ತೆ ಕಣ್ರೀ!" ಎಂದಳು. ನಾನು ಬಾನೆಟ್ಟಿನ ಕಡೆಗೆ ಹೋದೆ.

ಕಟ್ಟಡದ ಅಂಗಳದಲ್ಲಿ ಬಾನೆಟ್ ಎತ್ತುವುದೆಂದರೆ ಸಭೆ ಕರೆದಂತೆ. ಎರಡನೆಯ ಮಾಳಿಗೆಯ ನಿವೃತ್ತ ಬ್ಯಾಂಕ್ ಅಧಿಕಾರಿಗಳು ಪೆಟ್ರೋಲಿನ ಮೇಲೆ ತಪ್ಪು ಹೊರಿಸಿದರು: ಈಗ ಅದರಲ್ಲಿ ಶೇಕಡಾ 20ರಷ್ಟು ಎಥೆನಾಲ್ ಇರುತ್ತದೆ, ಅದು ಹಳೆಯ ರಬ್ಬರನ್ನು ತಿನ್ನುತ್ತದೆ, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಾತು ಸುಳ್ಳಲ್ಲ, ಪೆಟ್ರೋಲಿನ ರಬ್ಬರ್ ಪೈಪುಗಳನ್ನೆಲ್ಲ ಬದಲಾಯಿಸಿದೆ, ನಡುಕ ಹಾಗೆಯೇ ಉಳಿಯಿತು. ಹೆಂಡತಿಯ ತಮ್ಮ ಬಂದು, "ಭಾವ, ಇದು ಕಂಡೆನ್ಸರೇ" ಎಂದು ಪ್ರಮಾಣ ಮಾಡಿದ. ಕಂಡೆನ್ಸರ್ ಬದಲಾಯಿಸಿದೆ. ಕಾಂಟ್ಯಾಕ್ಟ್ ಪಾಯಿಂಟುಗಳನ್ನು ಉಜ್ಜಿ, ಅರ್ಧ ಮಿಲಿಮೀಟರಿಗೂ ಕಡಿಮೆಯಿರಬೇಕಾದ ಅವುಗಳ ನಡುವಿನ ಸಂದಿಗೆ ಫೀಲರ್ ಗೇಜಿನ ಎಲೆ ತೂರಿಸಿ ಸರಿಪಡಿಸಿದೆ. ಆ ಭರದಲ್ಲಿ ಪ್ಲಗ್ಗಿನ ಎರಡು ವಯರುಗಳನ್ನು ಅದಲುಬದಲು ಮಾಡಿದ್ದರಿಂದ, 1-3-4-2ರ ಸರದಿಯಲ್ಲಿ ಸಿಡಿಯಬೇಕಾದ ಎಂಜಿನ್ ದೀಪಾವಳಿಯ ಪಟಾಕಿಯಂತೆ, ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬುರೇಟರಿನ ಬಾಯಿಂದಲೇ ಸಿಡಿದು, ಸಭೆ ಒಂದೇ ಕ್ಷಣದಲ್ಲಿ ಚದುರಿತು.

ಅನುಮಾನಗಳ ಈ ಮೆರವಣಿಗೆಯಲ್ಲಿ ಒಂದು ಸಂಗತಿಯನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ. ಹಿಂದಿನ ತಿಂಗಳ ಒಂದು ಭಾನುವಾರ ಕಾರ್ಬುರೇಟರನ್ನು ನಾನೇ ಬಿಚ್ಚಿ, ತೊಳೆದು, ಮರಳಿ ಕೂಡಿಸಿದ್ದೆ. ಮುಚ್ಚಿಡುವ ಉದ್ದೇಶವೇನೂ ಇರಲಿಲ್ಲ. ಆ ಕೆಲಸ ಅಷ್ಟು ಚೆನ್ನಾಗಿ ಆಗಿತ್ತೆಂದು ನನಗೆ ನಂಬಿಕೆಯಿದ್ದದ್ದರಿಂದ ಅದು ಲೆಕ್ಕಕ್ಕೇ ಬರಲಿಲ್ಲ.

ಕಡೆಗೆ ಕುರ್ಲಾದ ಉಸ್ತಾದರನ್ನೇ ಕರೆಸಬೇಕಾಯಿತು. ಅವರು ಬಾನೆಟ್ಟಿನೊಳಗೆ ನೋಡಲಿಲ್ಲ; ಹಿಂದೆ ಹೋಗಿ ಸೈಲೆನ್ಸರಿನ ಬಾಯಿಗೆ ಅಂಗೈ ಒಡ್ಡಿ, ಕಣ್ಣು ಮುಚ್ಚಿ, ವೈದ್ಯರು ನಾಡಿ ಹಿಡಿದಂತೆ ಒಂದು ನಿಮಿಷ ನಿಂತರು. ಆಮೇಲೆ ಒಣಬಟ್ಟೆಯಿಂದ ಪ್ಲಗ್ಗಿನ ವಯರುಗಳನ್ನು ಒಂದೊಂದಾಗಿ ಎಳೆದು ಮತ್ತೆ ಸಿಕ್ಕಿಸಿದರು. ಕೆಲಸ ಮಾಡದ ಸಿಲಿಂಡರಿನ ವಯರು ಕಿತ್ತರೆ ಎಂಜಿನ್ನಿನ ಸದ್ದು ಬದಲಾಗುವುದಿಲ್ಲ. ಇಲ್ಲಿಯಾದರೋ ನಾಲ್ಕರಲ್ಲಿ ಯಾವುದನ್ನು ಕಿತ್ತರೂ ಅದು ಒಂದೇ ರೀತಿ ಕುಸಿಯುತ್ತಿತ್ತು. ಅಂದರೆ ದೋಷ ಒಬ್ಬರದಲ್ಲ, ನಾಲ್ವರಿಗೂ ಬಡಿಸುವ ಕೈಯದು. ಉಸ್ತಾದರು ಎಣ್ಣೆಯ ಕ್ಯಾನು ತೆಗೆದುಕೊಂಡು ಕಾರ್ಬುರೇಟರಿನ ಬುಡದ ಸುತ್ತ ಹನಿಹನಿಯಾಗಿ ಎಂಜಿನ್ ಆಯಿಲ್ ಬಿಟ್ಟರು. ಒಂದು ಬದಿಯಲ್ಲಿ ಆ ಕಪ್ಪು ಹನಿ ಒಂದು ಗಳಿಗೆ ನಿಂತು, ನಡುಗಿ, ಬತ್ತಿಯೊಳಗೆ ಏರುವ ಎಣ್ಣೆಯಂತೆ ಸರಕ್ಕನೆ ಸಂದಿಯೊಳಗೆ ಮಾಯವಾಯಿತು. ಮರುಕ್ಷಣವೇ ಎಂಜಿನ್ ಹಸು ಮೆಲುಕು ಹಾಕುವಷ್ಟು ನೆಮ್ಮದಿಯಿಂದ ಓಡತೊಡಗಿತು. ಹಿಂದಿನಿಂದ ಒಂದಿಷ್ಟು ನೀಲಿ ಹೊಗೆ ಬಂತು, ಎಣ್ಣೆ ತೀರಿತು, ನಡುಕ ಮರಳಿತು.

"ಹವಾ ಖೀಂಚ್ ರಹಾ ಹೈ, ಸೇಠ್. ಪ್ಯಾಕಿಂಗ್ ಕಿಸ್‌ನೇ ಬನಾಯಾ?" ಎಂದರು.

ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು ಹದಿನೈದು ಪಾಲು ಗಾಳಿ ಬೇಕು. ವೇಗದಲ್ಲಿ ಓಡುವಾಗ ಗಾಳಿಯ ಹೊನಲಿನಲ್ಲಿ ಒಂದು ಸೋರಿಕೆ ಗಮನಕ್ಕೆ ಬಾರದಿದ್ದರೂ, ಸಿಗ್ನಲ್ಲಿನಲ್ಲಿ ಎಂಜಿನ್ ಗುಟುಕು ಗಾಳಿಯಲ್ಲಿ ಬದುಕುವಾಗ ಅದೇ ಸೋರಿಕೆ ಸಾರಿಗೆ ಸುರಿದ ಚೊಂಬು ನೀರಾಗುತ್ತದೆ. ಇಷ್ಟೆಲ್ಲ ನನಗೆ ಗೊತ್ತಿತ್ತು. ಕಾರ್ಬುರೇಟರ್ ಬಿಚ್ಚಿದ ದಿನ, ಅದರ ಬುಡದಲ್ಲಿ ಗಾಳಿ ನುಸುಳದಂತೆ ಇಡುವ ಹಳೆಯ ಪ್ಯಾಕಿಂಗ್ ಹರಿದುದೂ, ಭಾನುವಾರ ಅಂಗಡಿ ತೆರೆದಿರದ ಕಾರಣ ಮೇಜಿನ ಮೇಲಿದ್ದ ಒಳ್ಳೆಯ ದಪ್ಪ ರಟ್ಟನ್ನು ಕತ್ತರಿಸಿ ಹೊಸದು ಮಾಡಿ, ತಾತ್ಕಾಲಿಕವೆಂದು ಹಾಕಿ ಮರೆತದ್ದೂ ಆಗ ನೆನಪಿಗೆ ಬಂತು.

ಉಸ್ತಾದರು ಎರಡು ನಟ್ಟು ಬಿಚ್ಚಿ ಅದನ್ನು ಚಿಮಟದಲ್ಲಿ ಎತ್ತಿ ಹಿಡಿದರು. ಬಿಸಿಗೆ ಮೇಲಿನ ಹೊಳಪು ಸುಲಿದು ಅಂಚು ಕರಿದ ಹಪ್ಪಳವಾಗಿತ್ತು. ನಡುವೆ ಚಿನ್ನದ ಬಣ್ಣದ ಉಬ್ಬಕ್ಷರಗಳು ಇನ್ನೂ ತಲೆಯೆತ್ತಿ ನಿಂತು, ಒಂದೊಂದು ಅಕ್ಷರದ ಬದಿಯಲ್ಲೂ ಗಾಳಿಗೆ ಒಂದೊಂದು ಓಣಿ ಮಾಡಿಕೊಟ್ಟಿದ್ದವು. ಚಹಾ ತಂದ ನನ್ನ ಹೆಂಡತಿ ಲೋಟಗಳನ್ನು ಮಡ್‌ಗಾರ್ಡಿನ ಮೇಲೆ ಇಟ್ಟು ಬಗ್ಗಿದಳು. ಅವಳು ಓದಿದ ಮೊದಲ ಪದ "ಚಿ.ಸೌ."

ತುಂಬ ಹೊತ್ತು ಏನೂ ಮಾತಾಡಲಿಲ್ಲ. ಉಸ್ತಾದರು ಇದು ಸಂಸಾರದ ರಿಪೇರಿಯೆಂದು ಅರಿತು ಚಹಾ ಹಿಡಿದು ಗೇಟಿನ ಕಡೆಗೆ ನಡೆದರು. ಅವಳು ಚಿಮಟವನ್ನು ಬೆಳಕಿಗೆ ತಿರುಗಿಸಿ ಮಸಿಯಡಿಯ ಸಾಲನ್ನು ಬೆರಳಿನಿಂದ ಸವರಿದಳು. ದಿನಾಂಕವಿತ್ತು, ತಿಥಿಯಿತ್ತು. ಗಂಟೆ ಇರಬೇಕಾದಲ್ಲಿ ಪೆಟ್ರೋಲು ಹೋಗಲೆಂದು ನಾನು ಅತ್ಯಂತ ಕಾಳಜಿಯಿಂದ ಕೊರೆದ ದುಂಡನೆಯ ತೂತಿತ್ತು. ಅದರ ಆಚೆ ಅಂಚಿನಲ್ಲಿ "ಅಭಿಜಿನ್ ಲಗ್ನ" ಎಂಬಷ್ಟು ಉಳಿದಿತ್ತು.

"ಅಂದರೆ ಮಧ್ಯಾಹ್ನ ಹನ್ನೆರಡರ ಆಸುಪಾಸು" ಎಂದು ನಾನು ಸಂತೋಷದಿಂದ ಹೇಳಿದೆ.

"ನಾವು ಹತ್ತಕ್ಕೇ ಹೋಗೋಣ," ಎಂದಳು ಅವಳು, "ಲೋಕಲ್ ಟ್ರೈನಿನಲ್ಲಿ."