ಬಜೆಟ್ಟಿಗೆ ನಿಂತುಹೋದ ಜಾತ್ರೆ

ಅಮೆರಿಕದ ಮಿಶಿಗನ್ ರಾಜ್ಯದ ಡೆಟ್ರಾಯಿಟ್‌ನಲ್ಲಿ, 8 ಮೈಲ್ ರಸ್ತೆಯ ಹತ್ತಿರ ಒಂದು ಹೊಸ ಬಸ್ ನಿಲ್ದಾಣವಿದೆ. 2024ರಲ್ಲಿ ಶುರುವಾಯಿತು. ಕೋವಿಡ್‌ನ ಮೊದಲ ದಿನಗಳಲ್ಲೇ ತೀರಿಕೊಂಡ ಜೇಸನ್ ಹಾರ್ಗ್ರೋವ್ ಎಂಬ ಬಸ್ ಚಾಲಕರ ಹೆಸರು ಅದಕ್ಕಿದೆ. ಕಾರು ರಿಪೇರಿಗೆ ಬಿಟ್ಟಿದ್ದ ಒಂದು ದಿನ ಅಲ್ಲಿ ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನೆಲದ ಕಡೆ ಬೆರಳು ತೋರಿಸಿ, "ನೀವು ಕೂತಿದ್ದೀರಲ್ಲ, ಇಲ್ಲೇ ಹಸುಗಳನ್ನು ಕಟ್ಟುತ್ತಿದ್ದರು" ಅಂದರು.

ನನಗೆ ಕಿವಿ ನೆಟ್ಟಗಾಯಿತು. ಊರು ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಹಸುವಿನ ಮಾತು ಕೇಳಿದ್ದು ಅದೇ ಮೊದಲು. ಆ ಕಟ್ಟಡ ಹಳೆಯ ಮಿಶಿಗನ್ ಸ್ಟೇಟ್ ಫೇರ್‌ನ, ಅಂದರೆ ಇಡೀ ರಾಜ್ಯದ ಜಾತ್ರೆಯ, ಹಾಲಿನ ಹಸುಗಳ ಕೊಟ್ಟಿಗೆಯಾಗಿತ್ತಂತೆ. ಅದನ್ನೇ ಉಳಿಸಿಕೊಂಡು ನಿಲ್ದಾಣ ಮಾಡಿದ್ದಾರೆ. ಆ ಹಿರಿಯರು ಕ್ರೈಸ್ಲರ್ ಕಾರು ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದವರು. ಚಿಕ್ಕವರಿದ್ದಾಗ ಅಪ್ಪನ ಕೈ ಹಿಡಿದು ಬರುತ್ತಿದ್ದರಂತೆ. ಪೇಟೆಯಲ್ಲೇ ಹುಟ್ಟಿ ಬೆಳೆದ ಅವರು ಕರು ಹಾಕುವ ಹಸುವನ್ನು ಮೊದಲು ನೋಡಿದ್ದು ಇಲ್ಲೇ. ಹೇಳುವಾಗ ಅವರ ಮುಖ ಅರಳಿತ್ತು. "ಮತ್ತೆ ಯಾಕೆ ನಿಂತಿತು?" ಅಂತ ಕೇಳಿದೆ. "ಬಜೆಟ್" ಅಂದರು. ಅವರ ಬಸ್ಸು ಬಂತು, ಎದ್ದು ಹೋದರು.

ಆ ಒಂದು ಮಾತು ನನ್ನನ್ನು ಬಹಳ ದಿನ ಚುಚ್ಚಿತು. ಜಾತ್ರೆ ಬಜೆಟ್ಟಿಗೆ ನಿಲ್ಲುತ್ತದಾ?

ಅದು ಸಣ್ಣ ಜಾತ್ರೆಯೇನಲ್ಲ. 1849ರಲ್ಲಿ ಶುರುವಾದದ್ದು. ಅಮೆರಿಕದ ತೀರಾ ಹಳೆಯ ಸ್ಟೇಟ್ ಫೇರ್‌ಗಳಲ್ಲಿ ಒಂದು. ಮೊದಲೆಲ್ಲಾ ಊರಿಂದೂರಿಗೆ ಅಲೆಯುತ್ತಿತ್ತು. 1905ರಲ್ಲಿ ಡೆಟ್ರಾಯಿಟ್‌ನ ಈ ಜಾಗಕ್ಕೆ ಬಂದು ನೆಲೆ ನಿಂತಿತು. ಜಾಗ ಕೊಡಿಸಿದವರಲ್ಲಿ ಮುಖ್ಯವಾದವರು ದೊಡ್ಡ ಬಟ್ಟೆ ಅಂಗಡಿಯ ಮಾಲೀಕ ಜೆ.ಎಲ್. ಹಡ್ಸನ್. ಆಗ ಅದು ಊರ ಹೊರಗಿನ ಬಯಲು. ಆಮೇಲೆ ಫೋರ್ಡು, ಡಾಡ್ಜು ಎಲ್ಲಾ ಬೆಳೆದವು, ಊರೇ ಜಾತ್ರೆಯನ್ನು ಸುತ್ತಿಕೊಂಡಿತು. ಪೇಟೆಯ ಮಕ್ಕಳು ಹಸು, ಹಂದಿ, ಕೋಳಿ ನೋಡಲು ವರ್ಷ ಪೂರ್ತಿ ಕಾಯುತ್ತಿದ್ದ ಜಾಗ ಅದಾಯಿತು. 1893ರ ಶಿಕಾಗೋ ವಿಶ್ವಮೇಳಕ್ಕೆಂದು ಓಕ್ ಮರದಲ್ಲಿ ಕೆತ್ತಿದ, 25 ಅಡಿ ಎತ್ತರದ, 15 ಟನ್ ತೂಕದ ಒಂದು ಒಲೆಯ ಮಾದರಿ ಇತ್ತು. ಡೆಟ್ರಾಯಿಟ್ ಒಂದು ಕಾಲಕ್ಕೆ ಕಾರಿಗಿಂತ ಮೊದಲು ಒಲೆಗೆ ಹೆಸರುವಾಸಿ. ಆ ಒಲೆ ಕೊನೆಗೆ ಬಂದು ನಿಂತದ್ದು ಜಾತ್ರೆ ಮೈದಾನದಲ್ಲೇ. ಮುಂದೆ ಅಮೆರಿಕದ ಅಧ್ಯಕ್ಷನಾದ ಯುಲಿಸಿಸ್ ಗ್ರಾಂಟ್ ಸೈನ್ಯದಲ್ಲಿದ್ದಾಗ ವಾಸವಿದ್ದ ಮರದ ಮನೆಯನ್ನೂ 1936ರಲ್ಲಿ ಇಲ್ಲಿಗೇ ತಂದು ಇಟ್ಟಿದ್ದರು.

ಇನ್ನು ಓಟದ ಮೈದಾನ. ಒಂದು ಮೈಲಿ ಸುತ್ತಿನ ಮಣ್ಣಿನ ಟ್ರ್ಯಾಕು. ಅಲ್ಲಿ ಕುದುರೆಯೂ ಓಡಿತು, ಕಾರೂ ಓಡಿತು. ಕುದುರೆ ಜೂಜಿನ ಬಗ್ಗೆ ನನಗೆ ಆಸಕ್ತಿಯಿಲ್ಲ, ಆದರೂ ಸೀಬಿಸ್ಕಿಟ್ ಹೆಸರು ಕೇಳಿದ್ದೆ. ಯಾರೂ ಲೆಕ್ಕಕ್ಕಿಟ್ಟುಕೊಳ್ಳದ ಮೊಂಡು ಕುದುರೆ ಅದು. ಟಾಮ್ ಸ್ಮಿತ್ ಅದನ್ನು ಪಳಗಿಸುತ್ತಿದ್ದರು. ಅವರಿಗೆ ರೆಡ್ ಪೊಲಾರ್ಡ್ ಎಂಬ ಜಾಕಿ ಸಿಕ್ಕಿದ್ದು ಈ ಡೆಟ್ರಾಯಿಟ್ ಮೈದಾನದಲ್ಲಿ, 1936ರಲ್ಲಿ. ಅದೇ ಸೆಪ್ಟೆಂಬರಿನಲ್ಲಿ ಇಲ್ಲೇ ಗವರ್ನರ್ಸ್ ಹ್ಯಾಂಡಿಕ್ಯಾಪ್ ಎಂಬ ಪಂದ್ಯ ಗೆದ್ದಿತು. ಎರಡು ವರ್ಷಕ್ಕೆ ಇಡೀ ದೇಶವೇ ಅದರ ಓಟ ಕೇಳಲು ರೇಡಿಯೋ ಮುಂದೆ ಕೂತಿತ್ತು. 1951ರ ಆಗಸ್ಟಿನಲ್ಲಿ, ಡೆಟ್ರಾಯಿಟ್ ಊರಿಗೆ 250 ವರ್ಷ ತುಂಬಿದಾಗ, ಇದೇ ಮಣ್ಣಿನಲ್ಲಿ 250 ಸುತ್ತಿನ ನ್ಯಾಸ್ಕಾರ್ ಎಂಬ ಕಾರ್ ರೇಸ್ ಇಟ್ಟರು. ಟಾಮಿ ಥಾಂಪ್ಸನ್ ಕ್ರೈಸ್ಲರ್ ಓಡಿಸಿ ಗೆದ್ದರು. ಕಾರು ಮಾಡುವ ಊರಿನ ಜನ ತಾವು ಕಟ್ಟಿದ ಕಾರುಗಳೇ ಧೂಳೆಬ್ಬಿಸುವುದನ್ನು ನೋಡಿದರು.

ಇಷ್ಟೆಲ್ಲಾ ಇದ್ದದ್ದು 2009ಕ್ಕೆ ಮುಗಿಯಿತು. ಆಗಿನ ಗವರ್ನರ್ ಜೆನಿಫರ್ ಗ್ರಾನ್‌ಹಾಮ್ ಸರ್ಕಾರದ ಹಣ ನಿಲ್ಲಿಸಿದರು. ಆ ವರ್ಷದ ಜಾತ್ರೆಯೇ ಆ ಮೈದಾನದ ಕೊನೆಯ ಜಾತ್ರೆ. 2011ರಲ್ಲಿ ಸಿಡಿಲು ಬಡಿದು ಆ ದೊಡ್ಡ ಒಲೆಯೂ ಸುಟ್ಟುಹೋಯಿತು. ಈಗ ಆ ಜಾಗದಲ್ಲಿ ಅಮೆಜಾನ್ ಗೋದಾಮು ನಿಂತಿದೆ.

ನಮ್ಮ ಕಡೆ ಹೀಗೆ ಆಗಲು ಸಾಧ್ಯವೇ ಇಲ್ಲ ಅಂತ ನನ್ನ ಮನಸ್ಸು ಕೂಡಲೇ ಹೇಳಿತು. ನಾನು ಕೆ.ಆರ್. ನಗರದ ಕಡೆಯವನು. ನಮಗೆ ಸಂಕ್ರಾಂತಿ ಅಂದರೆ ಚುಂಚನಕಟ್ಟೆ. ಕೋದಂಡರಾಮನ ತೇರು, ಕಾವೇರಿ ಧುಮುಕುವ ಸದ್ದು, ಅದಕ್ಕೂ ಮೊದಲೇ ಕಟ್ಟುವ ದನಗಳ ಜಾತ್ರೆ. ಆ ಜಾತ್ರೆಯನ್ನು ಯಾರು ನಡೆಸುತ್ತಾರೆ ಅಂತ ಚಿಕ್ಕಂದಿನಲ್ಲಿ ನಾನು ಯಾವತ್ತೂ ಕೇಳಿದವನಲ್ಲ. ತಿಂಗಳು ಬಂತು, ಜಾತ್ರೆ ಬಂತು, ಅಷ್ಟೇ. ನಲ್ಲಿ, ದೀಪ, ಪೊಲೀಸು ಸರ್ಕಾರದ್ದು. ಜಾತ್ರೆ ಮಾತ್ರ ದೇವರದ್ದು ಮತ್ತು ಎತ್ತು ಕಟ್ಟಿದವರದ್ದು.

ನಮ್ಮ ದೊಡ್ಡಪ್ಪ ಹಳ್ಳಿಕಾರ್ ಜೋಡಿ ಕಟ್ಟುತ್ತಿದ್ದರು. ಜಾತ್ರೆಗೆ ತಿಂಗಳಿದ್ದಾಗಲೇ ಹುರುಳಿ ನುಚ್ಚು, ಹಿಂಡಿ ಜಾಸ್ತಿಯಾಗುತ್ತಿತ್ತು. ಕೊಂಬು ಹೆರೆಸಿ, ಎಣ್ಣೆ ಹಚ್ಚಿ, ಕೊಂಬಣಸು ಹಾಕಿ, ಹೊಸ ಮೂಗುದಾರ ಪೋಣಿಸಿ ಹೊರಡುವುದು. ಅಲ್ಲಿ ಹೋಗಿ ಮರದ ನೆರಳಿಗೆ ಜಾಗ ಹಿಡಿಯುವುದೇ ದೊಡ್ಡ ಕೆಲಸ. ದುಡ್ಡಿದ್ದವರು ಪೆಂಡಾಲು ಹಾಕಿಸಿ, ವಾದ್ಯ ಬಾರಿಸಿಕೊಂಡು ಎತ್ತು ಕರೆತರುತ್ತಿದ್ದರು. ಕೊಳ್ಳುವವನು ಬಂದು ಮೊದಲು ಸುಳಿ ನೋಡುತ್ತಾನೆ. ಆಮೇಲೆ ತುಟಿ ಬಿಡಿಸಿ ಹಲ್ಲು. ಎರಡು ಹಲ್ಲಾ, ನಾಲ್ಕಾ, ಬಾಯಿಗೂಡಿದೆಯಾ. ಒಂದು ಸಲ ಬಾಲ ಹಿಡಿದು ಮುಂದಕ್ಕೆ ನಡೆಸಿ ಹಿಂದಿನಿಂದ ಹೆಜ್ಜೆ ನೋಡುತ್ತಾನೆ. ಆಮೇಲೆ ದಲ್ಲಾಳಿ ಟವೆಲ್ ಹಾಸುತ್ತಾನೆ. ಅದರ ಅಡಿಯಲ್ಲಿ ದೊಡ್ಡಪ್ಪನ ಕೈ, ಅವನ ಕೈ. ಬೆರಳು ಒತ್ತುವುದು, ಬಿಡುವುದು, ತಲೆ ಅಡ್ಡಡ್ಡ ಆಡಿಸುವುದು. ನಾನು ದೊಡ್ಡಪ್ಪನ ಮುಖವನ್ನೇ ನೋಡುತ್ತಾ ನಿಂತಿರುತ್ತಿದ್ದೆ. ಮುಖದಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ವ್ಯಾಪಾರ ಕುದುರಿತು ಅಂತ ತಿಳಿಯುತ್ತಿದ್ದದ್ದು ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡಾಗ.

ಇದನ್ನು ಬಜೆಟ್ಟಿನ ಯಾವ ಸಾಲಿನಲ್ಲಿ ಕತ್ತರಿಸುತ್ತೀರಿ?

ತಡೆಯಲು ಪ್ರಯತ್ನವೇ ಆಗಿಲ್ಲ ಅಂತಲ್ಲ. ದನಗಳಿಗೆ ಚರ್ಮಗಂಟು ರೋಗ ಬಂದಾಗ ಜಾತ್ರೆಗಳಿಗೆ ನಿರ್ಬಂಧ ಹಾಕಿದರು. ರೋಗ ಹೋಯಿತು, ಜಾತ್ರೆ ಬಂತು. ಕರಾವಳಿಯ ಕಂಬಳದ ಕಥೆ ಇನ್ನೂ ದೊಡ್ಡದು. 2014ರಲ್ಲಿ ಜಲ್ಲಿಕಟ್ಟಿನ ಮೇಲೆ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು. ಜನ ಬೀದಿಗೆ ಬಂದರು, ಕರ್ನಾಟಕ ಕಾನೂನಿಗೆ ತಿದ್ದುಪಡಿ ತಂದಿತು, 2023ರ ಮೇ ತಿಂಗಳಲ್ಲಿ ಕೋರ್ಟೂ ಅದನ್ನು ಒಪ್ಪಿತು. ಡೆಟ್ರಾಯಿಟ್‌ನಲ್ಲಿ ಜಾತ್ರೆಯನ್ನು ಅಷ್ಟು ಪ್ರೀತಿಸಿದವರು ಅಂಥದ್ದೊಂದು ಹಟ ಹಿಡಿದು ಆ ಮೈದಾನವನ್ನು ಉಳಿಸಿಕೊಳ್ಳಲಾಗಲಿಲ್ಲ ಅನ್ನೋದು ನನಗೆ ಇವತ್ತಿಗೂ ಬೇಜಾರು.

ಮೈಸೂರಿನ ದಸರಾ ವಸ್ತುಪ್ರದರ್ಶನ ಸರ್ಕಾರದ್ದೇ ಅಲ್ವಾ ಅಂತ ಯಾರಾದರೂ ಕೇಳಬಹುದು. ನಿಜ. 1880ರಲ್ಲಿ ಚಾಮರಾಜೇಂದ್ರ ಒಡೆಯರು ಶುರು ಮಾಡಿದ್ದೂ ಹೆಚ್ಚು ಕಡಿಮೆ ಇದೇ ಉದ್ದೇಶಕ್ಕೆ. ಹೊಸ ಯಂತ್ರ, ಹೊಸ ಬೆಳೆ, ಒಳ್ಳೆಯ ಕೈಕೆಲಸ ಜನರ ಕಣ್ಣಿಗೆ ಬೀಳಲಿ ಅಂತ. ಈಗ ಅದಕ್ಕೊಂದು ಪ್ರಾಧಿಕಾರವೇ ಇದೆ. ಆದರೆ ಅದು ಬದುಕಿರುವುದು ಪ್ರಾಧಿಕಾರದಿಂದಲ್ಲ, ದಸರಾದಿಂದ. ಅಂಬಾರಿ ನೋಡಲು ಬಂದ ಜನ ದೊಡ್ಡಕೆರೆ ಮೈದಾನಕ್ಕೆ ಹೋಗಿ ದೆಹಲಿ ಹಪ್ಪಳ ಮುರಿಯದೆ ಊರಿಗೆ ಹೋಗುತ್ತಾರಾ? ಬಜೆಟ್ಟು ಎಷ್ಟೇ ಬಿಗಿಯಾಗಲಿ, ವಿಜಯದಶಮಿಯನ್ನು ಮುಂದೂಡುವ ಅಧಿಕಾರ ಯಾವ ಮಂತ್ರಿಗೂ ಇಲ್ಲ. ಮಿಶಿಗನ್ ಜಾತ್ರೆಯ ಬೆನ್ನಿಗೆ ಅಂಥದ್ದೇನೂ ಇರಲಿಲ್ಲ.

ನಾನಿರುವುದು ಡೆಟ್ರಾಯಿಟ್ ಹತ್ತಿರದ ನೋವಿ (Novi) ಎಂಬ ಊರಿನಲ್ಲಿ. ಅದರ ಪಕ್ಕದ ಊರು ನಾರ್ತ್‌ವಿಲ್. ಅಲ್ಲೂ ಇದೇ ಕಥೆ. ಹಿಂದೆ ಜಾತ್ರೆ ನಡೆಯುತ್ತಿದ್ದ ಬಯಲಿನಲ್ಲಿ 1944ರಲ್ಲಿ ನಾರ್ತ್‌ವಿಲ್ ಡೌನ್ಸ್ ಎಂಬ ಓಟದ ಮೈದಾನ ಮಾಡಿದರು. ಕುದುರೆಯ ಮೇಲೆ ಕೂರುವುದಲ್ಲ, ಹಿಂದೆ ಕಟ್ಟಿದ ಎರಡು ಚಕ್ರದ ಪುಟ್ಟ ಗಾಡಿಯಲ್ಲಿ ಕೂತು ಓಡಿಸುವುದು. ನಮ್ಮ ಜೋಡೆತ್ತಿನ ಗಾಡಿ ಓಟ ನೋಡಿದವರಿಗೆ ಸುಮ್ನೆ ನಿಂತು ನೋಡಬೇಕು ಅನ್ನಿಸುವಂಥದ್ದು. ಕುದುರೆ ನಾಗಾಲೋಟಕ್ಕೆ ಬೀಳಬಾರದು, ತಾಳ ತಪ್ಪದ ಹೆಜ್ಜೆಯ ಓಟದಲ್ಲೇ ಹೋಗಬೇಕು, ತಪ್ಪಿದರೆ ಗಾಡಿಯನ್ನು ಪಕ್ಕಕ್ಕೆಳೆದು ಹಿಂದೆ ಬೀಳಬೇಕು. ಮಕ್ಕಳನ್ನು ಕರೆದುಕೊಂಡು ಹೋಗಿ ಬೇಲಿ ಪಕ್ಕ ನಿಂತರೆ ಗೊರಸಿನ ಸದ್ದು ಎದೆಗೆ ಬಂದು ಬಡಿಯುತ್ತಿತ್ತು. 2024ರ ಫೆಬ್ರವರಿಯಲ್ಲಿ ಅದೂ ಮುಚ್ಚಿತು. ಮಿಶಿಗನ್‌ನಲ್ಲಿ ಉಳಿದಿದ್ದ ಕೊನೆಯ ಕುದುರೆ ಟ್ರ್ಯಾಕ್ ಅದು. ಇನ್ನು ಅಲ್ಲಿ ಮನೆಗಳು.

ಇಲ್ಲಿಯವರೆಗೆ ಬರೆದದ್ದನ್ನು ನನ್ನ ಹೆಂಡತಿ ಓದಿ, "2009ರಲ್ಲಿ ಇಲ್ಲಿ ಏನಾಗಿತ್ತು ಅಂತಲೂ ಬರೀರಿ" ಅಂದಳು. ಬರೆಯಲೇಬೇಕು. ಆ ವರ್ಷ ಕ್ರೈಸ್ಲರ್, ಜನರಲ್ ಮೋಟರ್ಸ್ ಎರಡೂ ಕೋರ್ಟಿಗೆ ಹೋಗಿ ದಿವಾಳಿ ಅರ್ಜಿ ಹಾಕಿದ್ದವು. ಮಿಶಿಗನ್‌ನಷ್ಟು ನಿರುದ್ಯೋಗ ಬೇರೆ ಯಾವ ರಾಜ್ಯದಲ್ಲೂ ಇರಲಿಲ್ಲ. ನಮ್ಮ ಕನ್ನಡದವರೂ ಎಷ್ಟೋ ಜನ ಮನೆ ಬಿಟ್ಟು ಬೇರೆ ರಾಜ್ಯಗಳಿಗೆ ಹೋದರು. ಶಾಲೆಗೆ ದುಡ್ಡಿಲ್ಲದಾಗ ಜಾತ್ರೆಗೆ ಎಲ್ಲಿಂದ ತರುವುದು ಅನ್ನೋ ಪ್ರಶ್ನೆ ಸುಳ್ಳಲ್ಲ.

ಮತ್ತೆ, ಜಾತ್ರೆ ಪೂರ್ತಿ ಸತ್ತಿಲ್ಲ. 2012ರಿಂದ ಖಾಸಗಿಯವರು ಸೆಪ್ಟೆಂಬರ್ ಮೊದಲ ಸೋಮವಾರ ಬರುವ ಲೇಬರ್ ಡೇ ಸಮಯದಲ್ಲಿ ನಮ್ಮ ನೋವಿಯಲ್ಲೇ ನಡೆಸುತ್ತಿದ್ದಾರೆ. ದೊಡ್ಡ ಎಕ್ಸಿಬಿಷನ್ ಹಾಲು, ಕಾಂಕ್ರೀಟು ನೆಲ, ಏರ್ ಕಂಡೀಷನರ್. ಮೊದಲ ಸಲ ಹೋದಾಗ ಜಾತ್ರೆ ಅನ್ನಿಸಲೇ ಇಲ್ಲ. ಒಳಗೆ ಒಂದು ಕಡೆ ಹತ್ತು ಹನ್ನೆರಡು ವರ್ಷದ ಹುಡುಗಿಯೊಬ್ಬಳು ತನ್ನ ಹಂದಿಯ ಪಕ್ಕ ನಿಂತಿದ್ದಳು. ಅದಕ್ಕೆ ದಿನಕ್ಕೆ ಎಷ್ಟು ಮೇವು, ತಿಂಗಳಿಗೆ ಎಷ್ಟು ತೂಕ ಹೆಚ್ಚಿತು, ಯಾವಾಗ ಕಾಯಿಲೆ ಬಿದ್ದಿತ್ತು, ಎಲ್ಲಾ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಕೇಳಿದವರಿಗೆಲ್ಲಾ ಪುಟ ತೆಗೆದು ತೋರಿಸುತ್ತಿದ್ದಳು. ನನ್ನ ದೊಡ್ಡಪ್ಪನ ಮೊಮ್ಮಗ ಅವಳ ವಯಸ್ಸಿನವನು. ಜಾತ್ರೆಗೆ ಹೋಗುತ್ತಾನೆ. ಗೋಬಿ ತಿಂದು, ಎತ್ತಿನ ಮುಂದೆ ನಿಂತು ರೀಲ್ಸ್ ಮಾಡಿಕೊಂಡು ಬರುತ್ತಾನೆ. ದೊಡ್ಡಪ್ಪನ ಕೊಟ್ಟಿಗೆಯಲ್ಲಿ ಈಗ ಹಳ್ಳಿಕಾರ್ ಜೋಡಿ ಇಲ್ಲ, ಟಿಲ್ಲರ್ ನಿಂತಿದೆ. ಜಾತ್ರೆಯನ್ನು ಮುಚ್ಚುವವರು ನಮ್ಮಲ್ಲಿ ಯಾರೂ ಇಲ್ಲ ಅನ್ನೋದು ನಿಜ. ಎತ್ತು ಕಟ್ಟುವವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿರುವುದೂ ನಿಜ.

ಇನ್ನೊಂದು ಮಾತೂ ಒಪ್ಪಿಕೊಳ್ಳಬೇಕು. ಸತ್ತ ಜಾತ್ರೆಯನ್ನು ಇವರು ನೆನಪಿಟ್ಟುಕೊಂಡಿರುವ ರೀತಿ ನನಗೆ ಹೊಟ್ಟೆಕಿಚ್ಚು ತರಿಸುತ್ತದೆ. 1936ರ ಆ ಪಂದ್ಯದಲ್ಲಿ ಕುದುರೆ ಯಾವುದು, ಜಾಕಿ ಯಾರು ಅನ್ನೋದು ದಾಖಲೆಯಲ್ಲಿದೆ. ಗ್ರಾಂಟ್ ಮನೆಯನ್ನು 2020ರಲ್ಲಿ ಜೋಪಾನವಾಗಿ ಎತ್ತಿಕೊಂಡು ಹೋಗಿ ಡೆಟ್ರಾಯಿಟ್‌ನದ್ದೇ ಈಸ್ಟರ್ನ್ ಮಾರ್ಕೆಟ್ ಎಂಬ ಮಾರುಕಟ್ಟೆಯಲ್ಲಿ ಇಟ್ಟರು. ಹಸುವಿನ ಕೊಟ್ಟಿಗೆಯನ್ನು ಕೆಡವದೆ ಬಸ್ ನಿಲ್ದಾಣ ಮಾಡಿದರು. ಚುಂಚನಕಟ್ಟೆಯಲ್ಲಿ ನಮ್ಮ ತಾತನ ಕಾಲದಲ್ಲಿ ಯಾರ ಜೋಡಿಗೆ ಬಹುಮಾನ ಬಂತು, ಎಷ್ಟಕ್ಕೆ ಹೋಯಿತು, ಯಾವ ಊರಿನವರು ಹೊಡೆದುಕೊಂಡು ಹೋದರು ಅಂತ ನಮ್ಮೂರಲ್ಲಿ ಯಾರನ್ನಾದರೂ ಕೇಳಿ ನೋಡಿ. ದೊಡ್ಡಪ್ಪನಂಥ ನಾಲ್ಕು ಜನರ ಬಾಯಲ್ಲಿ ಇದೆ. ಕಾಗದದಲ್ಲಿ ಎಲ್ಲೂ ಇಲ್ಲ.

ಈ ಸಂಕ್ರಾಂತಿಗೆ ರಜಾ ಹಾಕಿದ್ದೇನೆ. ಕೇಳಬೇಕಾದ್ದೆಲ್ಲಾ ಬರೆದಿಟ್ಟುಕೊಂಡಿದ್ದೇನೆ. ತಾತ ಕಟ್ಟಿದ ಮೊದಲ ಜೋಡಿ ಯಾವುದು, ಟವೆಲ್ ಅಡಿಯಲ್ಲಿ ಯಾವ ಬೆರಳಿಗೆ ಎಷ್ಟು, ಬಾಳೆಹಣ್ಣು ತಿನ್ನುತ್ತಿದ್ದ ಆ ಕೆಂಚ ಎತ್ತನ್ನು ಯಾರಿಗೆ ಮಾರಿದರು. ಫೋನಿನಲ್ಲಿ ದೊಡ್ಡಪ್ಪನಿಗೆ ಹೇಳಿದೆ. "ಅದನ್ನೆಲ್ಲಾ ಮನೇಲಿ ಕೂತು ಹೇಳೋಕಾಗಲ್ಲ ಕಣಪ್ಪ. ದನ ಕಟ್ಟೋ ದಿನಕ್ಕೇ ಬಂದ್ಬಿಡು, ಅಲ್ಲೇ ತೋರಿಸ್ತೀನಿ" ಅಂದರು. ಟಿಕೆಟ್ಟನ್ನು ಒಂದು ವಾರ ಮೊದಲಿಗೆ ಹಾಕಿಸಿದ್ದೇನೆ.